ಜಾಜಿನ ಬಣ್ಣಕ್ಕೆ ಏನೆನ್ನಬೇಕು?

ಪ್ರಶ್ನೆ: ಹೊಳಲ್ಕೆರೆ ಕಡೆಯ ಶಾಲೆಯೊಂದರಲ್ಲಿ ಮೇಷ್ಟ್ರು ನಾನು. ಚಂದ್ರವಳ್ಳಿಯ ಉತ್ಖನನದ ಬಗ್ಗೆ ಮಕ್ಕಳಿಗಾಗಿ ಒಂದು ಬರಹ ಅನುವಾದಿಸುತ್ತಿದ್ದೇನೆ. ಅದರಲ್ಲಿ ‘ರಸೆಟ್ ಕೋಟೆಡ್ ಪೇಂಟೆಡ್ ವೇರ್’ ಎಂಬ ಮಡಕೆ ಬರುತ್ತದೆ. ನಿಘಂಟಿನಲ್ಲಿ ರಸೆಟ್ ಅಂದರೆ ಕಂದು ಎಂದಿದೆ. ಕಂದು ಎಂದರೆ ಮಕ್ಕಳು ಚಾಕೊಲೇಟ್ ಬಣ್ಣ ಅಂದುಕೊಳ್ಳುತ್ತಾರೆ, ಆದರೆ ಆ ಚೂರುಗಳು ನಮ್ಮ ಅಜ್ಜಿ ಹೊಸ್ತಿಲಿಗೆ ಬಳಿಯುತ್ತಿದ್ದ ಜಾಜಿನ ಹಾಗೆ ಕಾಣುತ್ತವೆ. ಜಾಜು, ಕಾವಿ, ಕೆಮ್ಮಣ್ಣು ಎಲ್ಲ ಒಂದೇನಾ? ಇನ್ನೊಂದು ವಿಷಯ: ಶಾಲೆಯ ಗೋಡೆಯ ಬುಡಕ್ಕೆ ಜಾಜಿನ ಪಟ್ಟಿ ಹೊಡೆದೆವು. ಸುಣ್ಣ ಬೆರೆಸಿದ್ದು ಗುಲಾಬಿಯಾಯಿತು, ಬರೀ ನೀರಿನಲ್ಲಿ ಕಲಸಿದ್ದು ಮಕ್ಕಳ ಚಡ್ಡಿಗೆಲ್ಲ ಅಂಟುತ್ತಿದೆ. ಏನು ತಪ್ಪಾಯಿತು?

ಉತ್ತರ: ಮೊದಲು ಮಡಕೆಯ ಮಾತು. ನಿಮ್ಮ ಕಣ್ಣು ಸರಿಯಾಗಿದೆ, ನಿಘಂಟು ಸ್ವಲ್ಪ ಸೋಮಾರಿ. ಆ ಚೂರುಗಳ ಮೇಲಿರುವುದು ಕಬ್ಬಿಣದ ಅಂಶವಿರುವ ಕೆಂಪು ಮಣ್ಣಿನ ತೆಳು ಲೇಪ. ಅಂದರೆ ಹೆಚ್ಚುಕಡಿಮೆ ನಿಮ್ಮ ಅಜ್ಜಿಯ ಜಾಜೇ. ಜೊತೆಗೆ ಬಿಳಿ ಜೇಡಿಮಣ್ಣಿನಲ್ಲಿ ಎಳೆದ ಗೆರೆಗಳ ಚಿತ್ತಾರ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಂದ್ರವಳ್ಳಿಯಲ್ಲೂ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೂ ಅಗೆಸಿದಾಗ ಶಾತವಾಹನರ ಕಾಲದ ಪದರದಲ್ಲಿ ಇವು ಸಿಕ್ಕವು. ಶಾತವಾಹನರಿಗೆ ಆಂಧ್ರರೆಂದೂ ಹೆಸರಿದ್ದದ್ದರಿಂದ ಇದನ್ನು ‘ಆಂಧ್ರ ವೇರ್’ ಎಂದೂ ಕರೆದರು. ಆಮೇಲೆ ವಂಶದ ಹೆಸರು ಹಿಂದೆ ಸರಿದು ‘ರಸೆಟ್’ ಎಂಬ ಬಣ್ಣದ ಹೆಸರೇ ನಿಂತಿತು. ಇಂಗ್ಲೆಂಡಿನ ಒಂದು ಒರಟು ಬಟ್ಟೆಯ ಹೆಸರು ದುರ್ಗದ ಮಡಕೆಗೆ ಬಂದು ಕೂತದ್ದು ಹೀಗೆ. ಅದು ಬಟ್ಟೆಯ ಹೆಸರೆಂಬುದು ಮುಖ್ಯ, ಮುಂದೆ ಬೇಕಾಗುತ್ತದೆ.

ನನ್ನ ಸಲಹೆ: ‘ಜಾಜುಲೇಪದ ಚಿತ್ತಾರ ಮಡಕೆ’. ‘ಕಂದು ಲೇಪಿತ ವರ್ಣಚಿತ್ರಿತ ಮೃತ್ಪಾತ್ರೆ’ ಎಂದು ಬರೆದರೆ ತಪ್ಪೇನಿಲ್ಲ, ಆದರೆ ಐದನೇ ಕ್ಲಾಸಿನ ಹುಡುಗನಿಗೆ ಮಡಕೆಯೂ ಕಾಣುವುದಿಲ್ಲ, ಬಣ್ಣವೂ ಕಾಣುವುದಿಲ್ಲ. ‘ಚಿತ್ತಾರ’ಕ್ಕೆ ಇನ್ನೊಂದು ಲಾಭವಿದೆ. ಸಾಗರದ ಕಡೆ ಇವತ್ತಿಗೂ ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳಲ್ಲಿ ಬರೆಯುವುದಕ್ಕೂ ಚಿತ್ತಾರವೆಂದೇ ಹೆಸರು. ಒಂದರಿಂದ ಒಂದು ಬಂತೆಂದು ನಾನು ಹೇಳುತ್ತಿಲ್ಲ. ಕೆಂಪು ಮೈ, ಬಿಳಿ ಗೆರೆ ಎಂಬ ಜೋಡಿ ಮಕ್ಕಳಿಗೆ ತಟ್ಟನೆ ಹಿಡಿಸುತ್ತದೆ, ಅಷ್ಟೆ.

ಈಗ ‘ಕಂದು’ ಯಾಕೆ ಸಾಲದು ಎಂಬುದು. ಕನ್ನಡದಲ್ಲಿ ಕಂದು ಮೂಲದಲ್ಲಿ ಕ್ರಿಯಾಪದ. ಬಿಸಿಲಿಗೆ ಮುಖ ಕಂದಿತು, ಮುಡಿದ ಹೂವು ಕಂದಿತು, ಮಾತು ಕೇಳಿ ಮೋರೆ ಕಂದಿತು. ಬೆಂದು, ಬಾಡಿ, ಕಳೆಗುಂದುವುದು ಅದರ ಹೊಟ್ಟೆಯೊಳಗಿನ ಅರ್ಥ. ಬಣ್ಣದ ಹೆಸರಾಗಿ ಅದು ಗಟ್ಟಿಯಾದದ್ದು ಶಾಲೆಯ ಪುಸ್ತಕಗಳಲ್ಲಿ, ‘ಬ್ರೌನ್’ಗೆ ಒಂದು ಸಮಾನಪದ ಬೇಕಾದಾಗ. ದಾವಣಗೆರೆ ಬೆಣ್ಣೆದೋಸೆಯ ತಳಕ್ಕೆ ಹೊಂಗಂದು ಅನ್ನಿ, ಸರಿಹೋಗುತ್ತದೆ, ಅದು ನಿಜಕ್ಕೂ ಕಾವಲಿಯ ಮೇಲೆ ಕಂದಿದ್ದು. ಆದರೆ ಜಾಜು ಬಳಿದ ಹೊಸ್ತಿಲು ಕಂದಿದ್ದಲ್ಲ, ಕಳೆಯೇರಿದ್ದು. ದನ ಸಾಕುವ ಮನೆಗಳಲ್ಲಿ ‘ಕಂದು ಹಾಕಿತು’ ಅಂದರೆ ಗಬ್ಬ ಇಳಿಯಿತು ಎಂದರ್ಥ, ಆ ಮನೆಯ ಮಗುವಿಗೆ ಈ ಪದ ಬೇರೆಯೇ ಕೇಳಿಸೀತು.

ಬರೀ ಬಣ್ಣವನ್ನೇ ಹೇಳಬೇಕಾದ ಕಡೆ, ಅಂದರೆ ಕೋಷ್ಟಕ, ಪಟ್ಟಿ, ವಿವರಣೆಗಳಲ್ಲಿ, ‘ಕೆಂಗಂದು’ ಬಳಸಿ. ಕೆಂಗಣ್ಣು ಆದ ಹಾಗೆಯೇ ಇದು: ಕೆಂ ಮುಂದೆ ಕಕಾರ ಬಂದು ಗಕಾರವಾಗುತ್ತದೆ. ‘ಕೆಂಪುಕಂದು’ ಎಂದು ಬಿಡಿಬಿಡಿಯಾಗಿ ಬರೆಯುವ ಅಗತ್ಯವಿಲ್ಲ. ಪದಗಳ ಕ್ರಮ ಮಾತ್ರ ಅದಲುಬದಲಾಗಬಾರದು. ಕನ್ನಡದ ಇಂಥ ಜೋಡುಪದದಲ್ಲಿ ಕೊನೆಯದೇ ಯಜಮಾನ. ಕೆಂಗಂದು ಎಂದರೆ ಕೆಂಪಿನ ಕಡೆ ವಾಲಿದ ಕಂದು, ಕಂದುಗೆಂಪು ಎಂದರೆ ಕಂದಿನ ಕಡೆ ವಾಲಿದ ಕೆಂಪು. ರಸೆಟ್‌ಗೆ ಮೊದಲನೆಯದು, ಮರೂನ್‌ಗೆ ಎರಡನೆಯದು. ಸೀರೆ ಅಂಗಡಿಯಲ್ಲಿ ಇವೆರಡೂ ಒಂದೇ ಆದರೂ ಬರಹದಲ್ಲಿ ಬೇರೆ ಇರಲಿ.

ಆದರೆ ಆಡುಮಾತು ಈ ಬಣ್ಣಕ್ಕೆ ಒಂದು ಸಾಮಾನ್ಯ ಹೆಸರು ಇಟ್ಟೇ ಇಲ್ಲ. ಅದು ಯಾವುದರ ಮೇಲಿದೆ, ಯಾವುದರಿಂದ ಬಂತು ಎಂಬುದನ್ನು ನೋಡಿ ಹೆಸರಿಡುತ್ತದೆ. ಕೂದಲು, ಮೀಸೆ, ಬೆಕ್ಕಿನ ಮೈಯಾದರೆ ಕೆಂಚು. ಕೆಂಚಪ್ಪ, ಕೆಂಚಮ್ಮ ಇಲ್ಲದ ಊರು ನಮ್ಮ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಲ್ಲಿ ಹುಡುಕಿದರೂ ಕಷ್ಟ. ಎತ್ತಾದರೆ ಕೆಂದ. ಹಸುವಾದರೆ ಸಂಸ್ಕೃತದ ಕಪಿಲೆ, ಅದರಿಂದ ಆದ ಕವಿಲೆ. ಕಪಿಲ ಎಂದರೆ ಕಪಿಯ ಬಣ್ಣದ್ದು. ಶಿವನ ಜಟೆಯಾದರೆ ಕೆಂಜೆಡೆ. ಅದನ್ನು ಇಂಗ್ಲಿಷಿಗೆ ಒಯ್ಯುವವರು ‘ರೆಡ್’ ಎಂದುಬಿಡುತ್ತಾರೆ, ಎಣ್ಣೆ ಕಾಣದೆ ಬಿಸಿಲಲ್ಲಿ ಕೆಂಚಾದ ಕೂದಲು ಅದು. ದಂಡು ಹೊರಟರೆ ಏಳುವುದು ಕೆಂದೂಳಿ. ಹೊಲವಾದರೆ ಎರೆ ಅಲ್ಲದ್ದು ಮಸಾರಿ, ಇನ್ನು ಕೆಲವು ಕಡೆ ಕೆಬ್ಬೆ. ಹಾಗಾಗಿ ಅನುವಾದ ಮಾಡುವಾಗ ‘ರಸೆಟ್‌ಗೆ ಕನ್ನಡದಲ್ಲಿ ಏನು’ ಅನ್ನುವ ಪ್ರಶ್ನೆಗಿಂತ ‘ಇಲ್ಲಿ ಯಾವುದು ಆ ಬಣ್ಣದ್ದು’ ಅನ್ನುವ ಪ್ರಶ್ನೆ ಬೇಗ ದಾರಿ ತೋರಿಸುತ್ತದೆ.

ಇಂಗ್ಲಿಷಿನಲ್ಲೂ ರಸೆಟ್ ಹೀಗೇ ಹುಟ್ಟಿದ್ದು. ಹಳೆಯ ಫ್ರೆಂಚಿನ ‘ಕೆಂಪು’ ಎಂಬ ಪದದಿಂದ ಬಂದು, ಬಡವರು ಉಡುವ ಒರಟು ಉಣ್ಣೆಬಟ್ಟೆಗೆ ಹೆಸರಾಯಿತು. 1363ರ ಕಾನೂನೊಂದು ಹೊಲದಾಳು, ಗಾಡಿಯಾಳು ಮುಂತಾದವರು ಇಂಥ ಅಗ್ಗದ ಬಟ್ಟೆ ಬಿಟ್ಟು ಬೇರೆ ಉಡಬಾರದೆಂದೇ ವಿಧಿಸಿತ್ತು. 1643ರಲ್ಲಿ, ಇಂಗ್ಲೆಂಡಿನ ಅಂತರ್ಯುದ್ಧದ ಹೊತ್ತಿನಲ್ಲಿ, ಸೇನಾನಿ ಆಲಿವರ್ ಕ್ರಾಮ್‌ವೆಲ್ ತನಗೆ ರಸೆಟ್ ಕೋಟಿನ ಸಾದಾ ಕ್ಯಾಪ್ಟನ್ನೇ ಬೇಕು ಎಂದು ಪತ್ರ ಬರೆದಾಗ ಅವನ ಮನಸ್ಸಿನಲ್ಲಿದ್ದದ್ದು ಬಣ್ಣವಲ್ಲ, ಬಡತನ. ಅದನ್ನು ‘ಕೆಂಗಂದು ಅಂಗಿಯ ನಾಯಕ’ ಎಂದರೆ ಆಸಾಮಿ ಸೊಗಸುಗಾರನಾಗಿಬಿಡುತ್ತಾನೆ. ‘ಕಂಬಳಿ ಹೊದ್ದ ನಾಯಕ’ ಎನ್ನಿ. ಚಳ್ಳಕೆರೆಯ ಕಂಬಳಿ ಕರಿದು, ಬಣ್ಣ ತಪ್ಪಿತು, ಆದರೆ ಅರ್ಥ ಉಳಿಯಿತು. ಅದೇ ‘ಹ್ಯಾಮ್ಲೆಟ್’ನ ಮೊದಲ ದೃಶ್ಯದ ಕೊನೆಯಲ್ಲಿ ಬೆಳಗು ರಸೆಟ್ ಹೊದ್ದು ಬೆಟ್ಟದ ಇಬ್ಬನಿಯ ಮೇಲೆ ನಡೆದುಬರುತ್ತದಲ್ಲ, ಅಲ್ಲಿ ಕಂಬಳಿ ನಡೆಯದು. ಅಲ್ಲಿಗೆ ‘ಅರುಣ’ ಹೇಳಿ ಮಾಡಿಸಿದ ಪದ. ನಾವು ಅದನ್ನು ಈಗ ಬರೀ ಕೆಂಪು ಅಂದುಕೊಂಡಿದ್ದೇವೆ, ಸಂಸ್ಕೃತದಲ್ಲಿ ಅದು ಕತ್ತಲೆ ಇನ್ನೂ ಪೂರ್ತಿ ಬಿಡದ ಹೊತ್ತಿನ ಕೆಂಗಂದು.

ಇನ್ನು ಕಾವಿ. ಜಾಜು, ಕಾವಿ ಎರಡೂ ಮಣ್ಣಿನ ಲೆಕ್ಕದಲ್ಲಿ ಅಕ್ಕತಂಗಿಯರು. ಕಾವಿಮಣ್ಣು ಎಂದು ಅಂಗಡಿಯಲ್ಲಿ ಕೊಡುವುದೂ, ಜಾಜು ಎಂದು ಸಂತೆಯಲ್ಲಿ ಕೊಡುವುದೂ ಹಲವು ಸಲ ಒಂದೇ ಮೂಟೆಯದು. ಬೇರೆಯಾದದ್ದು ಬಳಕೆಯಲ್ಲಿ: ಗೋಡೆ, ಹೊಸ್ತಿಲಿಗೆ ಜಾಜು, ಮೈಮೇಲಿನ ಬಟ್ಟೆಗೆ ಕಾವಿ. ಕರಾವಳಿಯಲ್ಲಿ ಮಾತ್ರ ಇದು ತಿರುಗುಮುರುಗು, ಬಿಳಿ ಗಾರೆಯ ಮೇಲೆ ಕೆಂಪು ಚಿತ್ರ ಬಿಡಿಸುವ ಕಲೆಗೇ ಅಲ್ಲಿ ಕಾವಿ ಎಂದು ಹೆಸರು. ಈಗ ಕಾವಿ ಅಂದಕೂಡಲೇ ಕಣ್ಣಿಗೆ ಬರುವ ಕಿತ್ತಳೆ ಬಣ್ಣ ಕಾರ್ಖಾನೆಯ ಬಣ್ಣದ ಪುಡಿ ಬಂದಮೇಲಿನದು. ಹಳೆಯ ಪಠ್ಯದಲ್ಲಿ ಕಾವಿ ಕಂಡರೆ ಮಣ್ಣಿನ ಬಣ್ಣವನ್ನೇ ಊಹಿಸಿ, ಕೇಸರಿ ಎಂದು ತಿದ್ದಬೇಡಿ. ಕೇಸರಿ ಹೂವಿನದು, ಕಾವಿ ನೆಲದ್ದು.

ಕಾವಿಯ ಸಂಸ್ಕೃತ ಜೊತೆಗಾರ ‘ಕಾಷಾಯ’ದ ಮೂಲ ‘ಕಷಾಯ’. ಹೌದು, ನೆಗಡಿಗೆ ಕುಡಿಯುವ ಅದೇ ಕಷಾಯ. ಆ ಒಂದು ಪದಕ್ಕೆ ಒಗರು ರುಚಿ, ಕುದಿಸಿ ಇಳಿಸಿದ ರಸ, ಕೆಂಗಂದು ಬಣ್ಣ ಎಂಬ ಮೂರೂ ಅರ್ಥ. ಇದು ಕವಿಯ ಕಲ್ಪನೆಯಲ್ಲ, ಒಲೆಯ ಮೇಲಿನ ಅನುಭವ. ತೊಗಟೆ, ಕಾಯಿ, ಬೇರನ್ನು ನೀರಿಗೆ ಹಾಕಿ ಕುದಿಸಿದರೆ ಟ್ಯಾನಿನ್ ಬಿಡುತ್ತದೆ. ಅದೇ ನಾಲಿಗೆಗೆ ಒಗರು, ಅದೇ ಬಟ್ಟೆಗೆ ಬಣ್ಣ. ಕನ್ನಡ ಇದನ್ನು ತಾನಾಗಿಯೇ ಮತ್ತೊಮ್ಮೆ ಕಂಡುಕೊಂಡಿದೆ. ಚನ್ನಗಿರಿ, ಭೀಮಸಮುದ್ರದಲ್ಲಿ ಎಳೆ ಅಡಿಕೆ ಬೇಯಿಸುವವರನ್ನು ಕೇಳಿ, ಹಂಡೆಯಲ್ಲಿ ಉಳಿಯುವ ದಟ್ಟ ಕೆಂಗಂದು ರಸಕ್ಕೆ ‘ಚೊಗರು’ ಅನ್ನುತ್ತಾರೆ. ಚೊಗರು ಅಂದರೆ ಒಗರು ಎಂದೂ ಅರ್ಥ. ಮುಂದಿನ ಅಡಿಕೆಗೆ ಬಣ್ಣ, ಹೊಳಪು ಬರುವುದು ಅದರಿಂದಲೇ. ಹಿಂದೆ ಬೇಯಿಸಲು ತಾಮ್ರದ ಹಂಡೆಯೇ ಆಗಬೇಕಿತ್ತು, ಯಾಕೆಂದರೆ ಟ್ಯಾನಿನ್‌ಗೆ ಕಬ್ಬಿಣ ಸೋಕಿದರೆ ಕೆಂಪು ಹೋಗಿ ಕಪ್ಪಾಗುತ್ತದೆ. ಅಳಲೆಕಾಯಿ, ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದದ್ದು ಇದೇ ಗುಣದಿಂದ. ‘ಅಡಿಕೆ ಬಣ್ಣದ ಸೀರೆ’ ಎಂದು ಯಾರಾದರೂ ಅಂದರೆ ನಮ್ಮ ಕಡೆಯವರಿಗೆ ನಿಖರವಾಗಿ ಗೊತ್ತಾಗುವ ಬಣ್ಣ ಅದು, ಯಾವ ನಿಘಂಟೂ ಬೇಡ.

ಸಾಹಿತ್ಯದಲ್ಲಿ ಈ ಬಣ್ಣಕ್ಕೆ ಅಂಟಿಕೊಂಡ ಗುಮಾನಿಯೂ ಇಲ್ಲಿಂದಲೇ. ಪಾಳಿಯಲ್ಲಿ ಕಸಾವ ಎಂದರೆ ಕೊಳೆ, ಕಾಸಾವ ಎಂದರೆ ಭಿಕ್ಷುವಿನ ಕಾವಿ. ‘ಧಮ್ಮಪದ’ದ ಒಂಬತ್ತನೆಯ ಪದ್ಯ ಇವೆರಡನ್ನೂ ಡಿಕ್ಕಿ ಹೊಡೆಸುತ್ತದೆ: ಒಳಗಿನ ಕಸಾವ ಕಳೆಯದೆ ಕಾಸಾವ ಉಡುವವನು ಅದಕ್ಕೆ ಯೋಗ್ಯನಲ್ಲ. ವಚನಗಳಲ್ಲಿ ‘ಕಾವಿ ಕಾಷಾಯಾಂಬರ’ ಎಂದು ಜೋಡಿಯಾಗಿ ಬಂದಾಗಲೂ ಬಹುಮಟ್ಟಿಗೆ ಏಟು ಬೀಳುವುದು ವೇಷಕ್ಕೇ. ಅಂದರೆ ವೈರಾಗ್ಯದ ಗುರುತೂ ಅದೇ, ಸೋಗಿನ ಗುರುತೂ ಅದೇ. ಜಾಜು ಎಂಬ ಪದಕ್ಕೆ ಈ ಕಳಂಕವಿಲ್ಲ, ಅದು ಹಬ್ಬದ ಹಿಂದಿನ ದಿನದ ಪದ. ಒಂದೇ ಮೂಟೆಯ ಮಣ್ಣಾದರೂ ಇವೆರಡನ್ನು ಒಂದರ ಜಾಗದಲ್ಲಿ ಇನ್ನೊಂದಾಗಿ ಬಳಸಲು ಆಗದಿರುವುದು ಇದಕ್ಕೇ.

ಅನುವಾದಕರು ಬೀಳುವ ಹಳ್ಳ ಒಂದೆರಡಿವೆ. ಸಂಸ್ಕೃತದ ಗೈರಿಕ ಹಿಂದಿಯಲ್ಲಿ ಗೇರು ಆಗಿದೆ. ಅದನ್ನು ಹಾಗೆಯೇ ಕನ್ನಡಕ್ಕೆ ಇಳಿಸಿ ‘ಗೇರುಬಣ್ಣ’ ಎಂದು ಬರೆದರೆ ನಮಗೆ ಕಾಣುವುದು ಗೋಡಂಬಿಯ ಮರ. ‘ಮೇಘದೂತ’ದ ಯಕ್ಷ ಬಂಡೆಯ ಮೇಲೆ ಮುನಿದ ಹೆಂಡತಿಯ ಚಿತ್ರ ಬರೆಯುವುದು ಧಾತುರಾಗದಿಂದ. ಅದನ್ನು ‘ಖನಿಜ ವರ್ಣಗಳಿಂದ’ ಎಂದರೆ ಅವನು ಅಂಗಡಿಗೆ ಹೋಗಿ ಡಬ್ಬಿ ತಂದ ಹಾಗೆ. ಜಾಜುಗಲ್ಲಿನಿಂದ ಬರೆದ ಎಂದರೆ ಕೈಗೆ ಸಿಕ್ಕ ಕಲ್ಲನ್ನೇ ಉಜ್ಜಿದ ಎಂಬುದು ತಾನಾಗಿ ಬರುತ್ತದೆ. ಇನ್ನೊಂದು ಸಣ್ಣದು: ಮೊಬೈಲಿನಲ್ಲಿ ಟೈಪ್ ಮಾಡುವಾಗ ಜಾಜು ಹೋಗಿ ಜಾಜಿಯಾಗದಂತೆ ನೋಡಿಕೊಳ್ಳಿ. ‘ಜಾಜಿಗೆ’ ಎಂಬಲ್ಲಿ ಎರಡೂ ಒಂದೇ ರೂಪ, ಆದರೆ ‘ಜಾಜಿನ’ ಮಣ್ಣು, ‘ಜಾಜಿಯ’ ಹೂವು.

ಕೆಮ್ಮಣ್ಣು ಜಾಜಲ್ಲ. ಇದು ನಿಮ್ಮ ಗೋಡೆಗೂ ಸಂಬಂಧಿಸಿದ ಮಾತು. ಜಾಜಿನಲ್ಲಿ ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡ್ ದಟ್ಟವಾಗಿರುತ್ತದೆ. ಚಿತ್ರದುರ್ಗದ ಶಿಲಾಪಟ್ಟಿಯಲ್ಲಿ ಕಬ್ಬಿಣದ ಅದಿರಿನ ಗುಡ್ಡಗಳಿರುವುದರಿಂದ ಈ ಕಡೆ ಅದು ಅಪರೂಪದ ವಸ್ತುವಲ್ಲ. ಹೊಲದ ಕೆಮ್ಮಣ್ಣಿನಲ್ಲಿ ಅದೇ ಹೆಮಟೈಟ್ ಮರಳು, ಜೇಡಿಯ ಮೇಲೆ ತೆಳ್ಳಗೆ ಮೆತ್ತಿಕೊಂಡಿರುತ್ತದೆ. ಒದ್ದೆಯಿದ್ದಾಗ ಎರಡೂ ಒಂದೇ ಥರ, ಒಣಗಿದ ಮೇಲೆ ಕೆಮ್ಮಣ್ಣು ಮಂಕಾಗುತ್ತದೆ. ಹಳದಿ ಮಣ್ಣನ್ನು ಹೆಂಚಿನ ಮೇಲೆ ಚೆನ್ನಾಗಿ ಹುರಿದರೆ ಒಳಗಿನ ನೀರಿನಂಶ ಹೋಗಿ ಅದೂ ಕೆಂಪಾಗುತ್ತದೆ. ಹಸಿ ಇಟ್ಟಿಗೆ ಬೆಂದು ಕೆಂಪಾಗುವುದಕ್ಕೂ ಮಣ್ಣಿನೊಳಗಿನ ಕಬ್ಬಿಣವೇ ಕಾರಣ. ಕುಂಬಾರರ ಆವಿಗೆಯಲ್ಲಿ ಗಾಳಿ ಆಡಿದರೆ ಮಡಕೆ ಕೆಂಪು, ಹೊಗೆ ಕಟ್ಟಿದರೆ ಕಪ್ಪು.

ಅಂಗಡಿಯ ಪುಡಿಯನ್ನು ಮೊದಲು ಪರೀಕ್ಷಿಸಿ. ಗಾಜಿನ ಲೋಟದ ನೀರಿಗೆ ಅರ್ಧ ಚಮಚ ಹಾಕಿ ಕಲಕಿ, ರಾತ್ರಿ ಬಿಡಿ. ನಿಜವಾದ ಜಾಜು ತಳಕ್ಕೆ ಕೂತು ಮೇಲಿನ ನೀರು ಹೆಚ್ಚುಕಡಿಮೆ ತಿಳಿಯಾಗುತ್ತದೆ. ನೀರು ಕೆಂಪಾಗಿಯೇ ಉಳಿದರೆ ಬಣ್ಣದ ಪುಡಿ ಬೆರೆಸಿದ್ದಾರೆ, ಅದು ಬಿಸಿಲಿಗೆ ಹಾರುತ್ತದೆ. ತಳದಲ್ಲಿ ಮರಳಿನ ಪದರ ದಪ್ಪಗಿದ್ದರೆ ನಿಮಗೆ ಕೆಮ್ಮಣ್ಣು ಮಾರಿದ್ದಾರೆ.

ನಿಮ್ಮ ಪಟ್ಟಿ ಗುಲಾಬಿಯಾದದ್ದು ಯಾಕೆಂದರೆ ಸುಣ್ಣವೇ ಒಂದು ಬಿಳಿ ಬಣ್ಣ. ಹಿಡಿತಕ್ಕಾಗಿ ಹಾಕಿದ್ದು ಬಣ್ಣವನ್ನೂ ತಿಳಿ ಮಾಡಿತು. ಹೋಗಲಿ ಅಂತ ಜಾಜು ಹೆಚ್ಚಿಸಿದರೆ ಇನ್ನೊಂದು ಕಷ್ಟ: ಸುಣ್ಣದ ತೂಕದ ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚು ಜಾಜು ಬಿದ್ದರೆ ಸುಣ್ಣ ಅದನ್ನು ಹಿಡಿದಿಡಲಾರದು, ಪುಡಿ ಉದುರುತ್ತದೆ. ಹಾಗಾಗಿ ಸುಣ್ಣದ ಜಾಜು ಯಾವತ್ತೂ ತಿಳಿಬಣ್ಣವೇ. ಬರೀ ನೀರಿನದು ಚಡ್ಡಿಗೆ ಅಂಟಿದ್ದಕ್ಕೆ ಕಾರಣ ಇನ್ನೂ ಸರಳ, ಅದರಲ್ಲಿ ಅಂಟೇ ಇಲ್ಲ. ಹಳೆಯ ಗಾರೆ ಗೋಡೆಗಳಲ್ಲಿ ಬರೀ ಜಾಜು ನಿಂತದ್ದು ಗಾರೆ ಹಸಿಯಿದ್ದಾಗಲೇ ಬಳಿದಾಗ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕಲ್ಲಾಗುವಾಗ ಜಾಜನ್ನೂ ತನ್ನೊಳಗೆ ಹಿಡಿದುಕೊಳ್ಳುತ್ತದೆ. ಒಣಗಿದ ಗೋಡೆಗೆ ಆ ಭಾಗ್ಯವಿಲ್ಲ. ಅಜ್ಜಿಯ ಹೊಸ್ತಿಲೂ ಅಂಟುತ್ತಿತ್ತು, ಆದರೆ ಅದನ್ನು ವಾರವಾರ ಬಳಿಯುತ್ತಿದ್ದರು, ಯಾರೂ ಅದಕ್ಕೆ ಒರಗಿ ಕೂರುತ್ತಿರಲಿಲ್ಲ.

ಒಳಗಿನ ಗೋಡೆ, ಜಗುಲಿಯ ನೆರಳಿನ ಪಟ್ಟಿಗೆ ಗಂಜಿ ಸಾಕು. ಒಂದು ಕೆಜಿ ಜಾಜನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ರಾತ್ರಿ ನೆನೆಹಾಕಿ. ಬೆಳಿಗ್ಗೆ ಧಾರಾಳ ನೀರಲ್ಲಿ ಕಲಕಿ, ಅರ್ಧ ನಿಮಿಷ ತಡೆದು, ಮೇಲಿನ ಕೆಂಪು ನೀರನ್ನು ಬೇರೆ ಬಕೆಟ್ಟಿಗೆ ಬಗ್ಗಿಸಿ. ತಳದ ಮರಳು ಚೆಲ್ಲಿ. ಬಗ್ಗಿಸಿದ್ದು ಕೂತಮೇಲೆ ತಿಳಿನೀರು ತೆಗೆದರೆ ಬೆಣ್ಣೆಯಂಥ ಜಾಜು ಸಿಗುತ್ತದೆ. 150 ಗ್ರಾಂ ಅಕ್ಕಿಹಿಟ್ಟನ್ನು ಮೊದಲು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಒಟ್ಟು ಮೂರು ಲೀಟರಿಗೆ ಏರಿಸಿ, ಹತ್ತು ಹದಿನೈದು ನಿಮಿಷ ಕುದಿಸಿ, ಸೋಸಿ, ಜಾಜಿಗೆ ಬೆರೆಸಿ. ಬೆರಳು ಅದ್ದಿ ತೆಗೆದರೆ ಉಗುರಿನ ಅಂಚು ಮಸುಕಾಗಿ ಕಾಣಬೇಕು. ಪೂರ್ತಿ ಮುಚ್ಚಿದರೆ ದಪ್ಪ, ನೀರು ಸೇರಿಸಿ. ಗೋಡೆಯನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಂಡು ತೆಳ್ಳಗೆ ಒಂದು ಕೈ, ಮರುದಿನ ಇನ್ನೊಂದು ಕೈ. ಒಂದೇ ಸಲಕ್ಕೆ ದಪ್ಪ ಬಳಿದರೆ, ಅಥವಾ ಗಂಜಿ ಹೆಚ್ಚಾದರೆ, ಹಕ್ಕಳೆ ಎದ್ದು ಸುರುಳಿ ಬೀಳುತ್ತದೆ. ಗಂಜಿ ಕಡಿಮೆಯಾದರೆ ಮತ್ತೆ ಚಡ್ಡಿ. ಅದಕ್ಕೆ ಮೊದಲು ಮೂಲೆಯಲ್ಲಿ ಒಂದು ಗೇಣು ಬಳಿದು, ಒಣಗಿದ ಮೇಲೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಣ್ಣವನ್ನೂ ಒಣಗಿದ ಮೇಲೆಯೇ ಒಪ್ಪಿಕೊಳ್ಳಿ, ಒದ್ದೆಯಲ್ಲಿ ಅದು ಯಾವಾಗಲೂ ಒಂದು ಪಟ್ಟು ಗಾಢ.

ಮಳೆ ಎರಚುವ ಹೊರಗೋಡೆಗೆ ಗಂಜಿ ನಿಲ್ಲದು, ಬೂಷ್ಟೂ ಬರುತ್ತದೆ. ಅಲ್ಲಿಗೆ ಹಾಲಿನ ಅಂಟು. ಕೊಬ್ಬು ತೆಗೆದ ಹಾಲನ್ನು ಒಡೆಸಿ, ನೀರು ಬಸಿದ ಗಟ್ಟಿ ಐದು ಪಾಲಿಗೆ ಅರಳಿಸಿದ ಸುಣ್ಣದ ಗಟ್ಟಿ ಒಂದು ಪಾಲು ಹಾಕಿ ಚೆನ್ನಾಗಿ ತಿರುವಿ. ಕಾಲು ಗಂಟೆಯಲ್ಲಿ ಅದು ಗೋಂದಿನಂತಾಗುತ್ತದೆ. ನೀರು ಹಾಕಿ ತೆಳು ಮಾಡಿ ಜಾಜು ಕಲಸಿ. ಸುಣ್ಣ ಇಷ್ಟೇ ಇರುವುದರಿಂದ ಗುಲಾಬಿಯಾಗುವ ಭಯ ಕಡಿಮೆ. ಕೆನೆಯಿರುವ ಹಾಲು ಬೇಡ, ಕೊಬ್ಬು ಸುಣ್ಣದ ಜೊತೆ ಸೇರಿ ಸೋಪಾಗಿ ಹಿಡಿತ ಕೆಡಿಸುತ್ತದೆ. ಕಲಸಿದ್ದು ಅದೇ ದಿನ ಮುಗಿಯಬೇಕು, ನಾಳೆಗೆ ನಾರುತ್ತದೆ. ಸುಣ್ಣ ಕಣ್ಣಿಗೆ ಸಿಡಿದರೆ ಅಪಾಯ, ಈ ಭಾಗವನ್ನು ಮಕ್ಕಳ ಕೈಗೆ ಕೊಡಬೇಡಿ.

ಇದೆಲ್ಲಕ್ಕೂ ಮೊದಲು ಈಗಿರುವ ಎರಡೂ ಪಟ್ಟಿಗಳನ್ನು ಒಣ ಬ್ರಷ್‌ನಿಂದ ಕೆರೆದು ತೆಗೆಯಬೇಕು, ಸಡಿಲ ಪುಡಿಯ ಮೇಲೆ ಬಳಿದದ್ದು ಪುಡಿಯ ಜೊತೆಗೇ ಬೀಳುತ್ತದೆ. ಅಡಿಯಲ್ಲಿ ಪ್ಲಾಸ್ಟಿಕ್ ಎಮಲ್ಷನ್ ಇದ್ದರೆ ಅದನ್ನೂ ಗಾರೆಯವರೆಗೆ ಕೆರೆಯಿರಿ, ಇಲ್ಲದಿದ್ದರೆ ಹಾಲಾಗಲಿ ಗಂಜಿಯಾಗಲಿ ಅದರ ಮೇಲೆ ನಿಲ್ಲುವುದಿಲ್ಲ.